ಕ್ಯಾಂಪರ್ ಗಾಡಿಯ ಸೋಲಾರ್: 13.2 ವೋಲ್ಟ್ ಅಂದರೆ ಬ್ಯಾಟರಿ ತುಂಬಿದೆ ಅಂತಲೇ?

"ಪಿಕಪ್ ಗಾಡಿ ಮೇಲೆ ಒಂದು ಸೋಲಾರ್ ಪ್ಯಾನೆಲ್ ಹಾಕಿಸಿ. ಫ್ರಿಡ್ಜ್, ಫ್ಯಾನ್, ಎಸಿ ಎಲ್ಲಾ ಫ್ರೀ! ಊರೂರು ಸುತ್ತಿ, ಕರೆಂಟ್ ಬಿಲ್ಲೇ ಇಲ್ಲ!"

ಇಂಥ ಸಂದೇಶವೋ ವಿಡಿಯೊವೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ಮಲಗಲು, ಅಡುಗೆ ಮಾಡಲು ಪುಟ್ಟ ಕೋಣೆ ಕೂರಿಸಿದರೆ ಅದೇ ಟ್ರಕ್ ಕ್ಯಾಂಪರ್. ಅಮೆರಿಕದಲ್ಲಿ ಇದು ಹಳೆಯ ಹವ್ಯಾಸ. ನಮ್ಮಲ್ಲೂ ಪಿಕಪ್, ಟೆಂಪೊ ಟ್ರಾವೆಲರ್‌ಗಳನ್ನು ಹೀಗೆ ಮನೆಯಾಗಿಸಿಕೊಂಡು ತಿರುಗುವವರಿದ್ದಾರೆ.

ಗಾಡಿಯ ಮೇಲೆ ಸೋಲಾರ್ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಕೈಕೊಡುವುದು ನಾವು ಹಾಕಿದ ಲೆಕ್ಕ. ರಾತ್ರಿ ಮಲಗುವಾಗ ಮೀಟರ್ 13.2 ವೋಲ್ಟ್ ತೋರಿಸುತ್ತಿರುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಫ್ಯಾನ್ ನಿಲ್ಲುತ್ತದೆ, ಫ್ರಿಡ್ಜ್ ಆಫ್ ಆಗುತ್ತದೆ. ಹಾಲು ಕೆಟ್ಟರೆ ಹೋಗಲಿ ಅನ್ನಬಹುದು. ಆದರೆ ಜೊತೆಗಿರುವ ಅಪ್ಪನಿಗೋ ಅಮ್ಮನಿಗೋ ಬೇಕಾದ ಇನ್ಸುಲಿನ್ ಅದೇ ಫ್ರಿಡ್ಜಿನಲ್ಲಿದ್ದರೆ? ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು.

ಹಾಗಾಗಿ ಹಣ ಹಾಕುವ ಮುನ್ನ ಮೂರು ಪ್ರಶ್ನೆಗೆ ಉತ್ತರ ಗೊತ್ತಿರಬೇಕು: ದಿನಕ್ಕೆ ಎಷ್ಟು ಕರೆಂಟ್ ಬರುತ್ತದೆ, ಎಷ್ಟು ಖರ್ಚಾಗುತ್ತದೆ, ಈ ಹೊತ್ತಿಗೆ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ. ಮನೆಯ ಜಮಾ-ಖರ್ಚಿನಷ್ಟೇ ಸರಳ ಲೆಕ್ಕ ಇದು.

ನಂಬಿಕೆ 1: 100 ವ್ಯಾಟ್ ಪ್ಯಾನೆಲ್ ಅಂದರೆ 100 ವ್ಯಾಟ್ ಬರುತ್ತದೆ

ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ ಪ್ರಯೋಗಶಾಲೆಯ ಲೆಕ್ಕ. ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುವಾಗ, ಪ್ಯಾನೆಲ್ಲಿನೊಳಗಿನ ಸೆಲ್ 25 ಡಿಗ್ರಿ ತಣ್ಣಗಿರುವಾಗ ಬರುವ ಅಂಕಿ ಅದು. ಮಾರ್ಚ್ ತಿಂಗಳ ಮಧ್ಯಾಹ್ನ ಗಾಡಿಯ ಸೂರಿನ ಮೇಲೆ ಸೆಲ್ 60-65 ಡಿಗ್ರಿಗೆ ಕಾಯುತ್ತದೆ. ಬಿಸಿ ಒಂದೊಂದು ಡಿಗ್ರಿ ಏರಿದಂತೆ ಸಿಲಿಕಾನ್ ಪ್ಯಾನೆಲ್‌ನ ಶಕ್ತಿ ಸುಮಾರು ಶೇ 0.4ರಷ್ಟು ಇಳಿಯುತ್ತದೆ. 40 ಡಿಗ್ರಿ ಹೆಚ್ಚಾದರೆ ಶೇ 15ರಷ್ಟು ಅಲ್ಲೇ ಹೋಯಿತು. "ಬಿಸಿಲು ಸುಡುವಷ್ಟು ಜಾಸ್ತಿ ಕರೆಂಟ್" ಎಂಬ ಮಾತು ಅರ್ಧ ಮಾತ್ರ ಸರಿ: ಬೆಳಕು ಹೆಚ್ಚಿದರೆ ಲಾಭ, ಶಾಖ ಹೆಚ್ಚಿದರೆ ನಷ್ಟ. ಸೂರಿಗೂ ಪ್ಯಾನೆಲ್‌ಗೂ ನಡುವೆ ಗಾಳಿಯಾಡಲು ಎರಡು-ಮೂರು ಬೆರಳಿನಷ್ಟು ಜಾಗ ಬಿಡುವುದು ಅದಕ್ಕೇ.

ಇದರ ಜೊತೆಗೆ ಧೂಳು, ವೈರಿನ ನಷ್ಟ, ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್ ಸೂರ್ಯನಿಗೆ ನೇರ ಮುಖ ಮಾಡದಿರುವುದು ಎಲ್ಲ ಸೇರಿದರೆ ಶೇ 70ರಷ್ಟು ಸಿಕ್ಕರೆ ಒಳ್ಳೆಯದೇ. ಕರ್ನಾಟಕದಲ್ಲಿ ತಿಳಿಯಾದ ದಿನ ಪೂರ್ತಿ ಬಿಸಿಲಿಗೆ ಸಮನಾದ ಸುಮಾರು 5 ಗಂಟೆ ಸಿಗುತ್ತದೆ ಎಂದಿಟ್ಟುಕೊಳ್ಳಿ.

100 ವ್ಯಾಟ್ × 5 ಗಂಟೆ × 0.7 = 350 ವ್ಯಾಟ್-ಅವರ್.

ನಮ್ಮ ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. ಅಂದರೆ ಒಂದು 100 ವ್ಯಾಟ್ ಪ್ಯಾನೆಲ್ ಇಡೀ ದಿನ ದುಡಿದರೂ ಯೂನಿಟ್ಟಿನ ಮೂರನೇ ಒಂದು ಭಾಗ. ಜುಲೈನಲ್ಲಿ ಸಕಲೇಶಪುರದ ಕಡೆ ಗಾಡಿ ನಿಲ್ಲಿಸಿದರೆ ಇದರ ಅರ್ಧವೂ ಸಿಗದ ದಿನಗಳು ಸಾಲಾಗಿ ಬರಬಹುದು.

ನೆರಳಿನ ವಿಷಯದಲ್ಲೂ ಎಚ್ಚರ ಬೇಕು. ಪ್ಯಾನೆಲ್ಲಿನ ಸೆಲ್‌ಗಳು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿರುತ್ತವೆ. ಒಂದೇ ಕೊಂಬೆಯ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ಲಿನ ಉತ್ಪಾದನೆ ಅರ್ಧಕ್ಕಿಳಿಯಬಹುದು. ಮರದ ಕೆಳಗೆ ಗಾಡಿ ತಂಪು, ಬ್ಯಾಟರಿ ಖಾಲಿ.

ನಂಬಿಕೆ 2: ಸೋಲಾರ್ ಇದ್ದರೆ ಎಸಿಯೂ ಓಡುತ್ತದೆ

ಈಗ ಖರ್ಚಿನ ಕಡೆ ನೋಡೋಣ. ನಾಲ್ಕು ಜನರ ಕುಟುಂಬದ ಒಂದು ದಿನ:

- 40 ಲೀಟರಿನ 12 ವೋಲ್ಟ್ ಫ್ರಿಡ್ಜ್: ಸುಮಾರು 400 ವ್ಯಾಟ್-ಅವರ್
- 20 ವ್ಯಾಟಿನ ಎರಡು ಫ್ಯಾನ್, 8 ಗಂಟೆ: 320
- ಎಲ್ಇಡಿ ದೀಪ 10 ವ್ಯಾಟ್, 5 ಗಂಟೆ: 50
- ನಾಲ್ಕು ಮೊಬೈಲ್ ಚಾರ್ಜ್: 80
- ಒಂದು ಲ್ಯಾಪ್‌ಟಾಪ್ ಚಾರ್ಜ್: 60

ಒಟ್ಟು 910. ಅಲ್ಲಿ ಇಲ್ಲಿ ಸೋರುವುದನ್ನು ಸೇರಿಸಿದರೆ ಸುಮಾರು 1000, ಅಂದರೆ ದಿನಕ್ಕೆ ಒಂದು ಯೂನಿಟ್. ಇದಕ್ಕೆ 100 ವ್ಯಾಟಿನ ಮೂರು ಪ್ಯಾನೆಲ್ ಬೇಕು, ಅದೂ ಬಿಸಿಲಿರುವ ದಿನಕ್ಕೆ.

ಎಸಿ? ಒಂದು ಟನ್ನಿನ ಇನ್ವರ್ಟರ್ ಎಸಿ ಸರಾಸರಿ 600 ವ್ಯಾಟ್ ಎಳೆಯುತ್ತದೆ ಎಂದುಕೊಂಡರೂ ರಾತ್ರಿಯ 8 ಗಂಟೆಗೆ 4800 ವ್ಯಾಟ್-ಅವರ್ ಆಯಿತು. ಅದೊಂದಕ್ಕೇ 14 ಪ್ಯಾನೆಲ್ ಬೇಕು. ಪಿಕಪ್‌ನ ಹಿಂಭಾಗದ ಸೂರಿನ ಮೇಲೆ ನಾಲ್ಕೋ ಐದೋ ಕೂರಿಸಬಹುದು. ಎಸಿಯ ಮಾತು ಇಲ್ಲಿಗೇ ಮುಗಿಯಿತು. ಇಂಡಕ್ಷನ್ ಒಲೆಗೂ ಇದೇ ಕಥೆ: 1500 ವ್ಯಾಟಿನಲ್ಲಿ 20 ನಿಮಿಷ ಉರಿಸಿದರೆ 500 ವ್ಯಾಟ್-ಅವರ್, ಅಂದರೆ ಫ್ರಿಡ್ಜಿನ ಇಡೀ ದಿನದ ಪಾಲಿಗಿಂತ ಹೆಚ್ಚು.

"ಹಾಗಾದರೆ ಗಾಡಿ ಮೇಲೆ ಸಣ್ಣ ಗಾಳಿಯಂತ್ರ ಇಡಿ, ಓಡುವಾಗ ಫ್ರೀ ಕರೆಂಟ್" ಎನ್ನುವ ಸಂದೇಶವೂ ಬರುತ್ತದೆ. ಅದು ಫ್ರೀ ಅಲ್ಲ. ರೆಕ್ಕೆ ತಿರುಗಿಸಲು ಬೇಕಾದ ಶಕ್ತಿಯನ್ನು ಎಂಜಿನ್ ಹೆಚ್ಚು ಡೀಸೆಲ್ ಸುಟ್ಟು ಕೊಡಬೇಕು. "ಬೆಳದಿಂಗಳಲ್ಲೂ ಚಾರ್ಜ್ ಆಗುತ್ತದೆ" ಎಂಬುದಕ್ಕೂ ಇಷ್ಟೇ ಉತ್ತರ: ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಭಾಗ.

ನಂಬಿಕೆ 3: ಚಾರ್ಜ್ ಕಂಟ್ರೋಲರ್ ಯಾವುದಾದರೂ ನಡೆಯುತ್ತದೆ

ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂರುವ ಡಬ್ಬಿಯೇ ಚಾರ್ಜ್ ಕಂಟ್ರೋಲರ್. ಬ್ಯಾಟರಿಗೆ ಅತಿಯಾಗಿ ಚಾರ್ಜ್ ಆಗದಂತೆ ಕಾಯುವುದು ಅದರ ಕೆಲಸ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ: ಪಿಡಬ್ಲ್ಯುಎಂ ಮತ್ತು ಎಂಪಿಪಿಟಿ.

12 ವೋಲ್ಟಿನದು ಎಂದು ಮಾರುವ 100 ವ್ಯಾಟ್ ಪ್ಯಾನೆಲ್ ಸುಮಾರು 18 ವೋಲ್ಟಿನಲ್ಲಿ 5.5 ಆಂಪಿಯರ್ ಕೊಡುತ್ತದೆ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲ್ಲನ್ನು ನೇರವಾಗಿ ಬ್ಯಾಟರಿಯ ಮಟ್ಟಕ್ಕೆ, 13 ವೋಲ್ಟಿಗೆ, ಎಳೆದುಬಿಡುತ್ತದೆ. 13 × 5.5 ಮಾಡಿದರೆ ಸುಮಾರು 72 ವ್ಯಾಟ್. ಉಳಿದದ್ದು ಸಿಗುವುದಿಲ್ಲ. ಎಂಪಿಪಿಟಿ ಕಂಟ್ರೋಲರ್ ಹೆಚ್ಚಿನ ವೋಲ್ಟನ್ನು ಹೆಚ್ಚಿನ ಆಂಪಿಯರ್ ಆಗಿ ಬದಲಿಸಿಕೊಡುವುದರಿಂದ ಈ ನಷ್ಟ ಬಹುಪಾಲು ತಪ್ಪುತ್ತದೆ. ಸೂರಿನ ಮೇಲೆ ಜಾಗವೇ ಕಡಿಮೆ ಇರುವ ಗಾಡಿಗೆ ಅದಕ್ಕೆ ಕೊಡುವ ಹೆಚ್ಚಿನ ಬೆಲೆ ದಂಡವಲ್ಲ.

ಜೋಡಿಸುವಾಗ ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ ಸೇರಿಸಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ. ಮೊದಲಿಗೇ ಪ್ಯಾನೆಲ್ ಸೇರಿಸಿದರೆ ಕೆಲವು ಕಂಟ್ರೋಲರ್‌ಗಳು ಹಾಳಾಗುತ್ತವೆ.

ನಂಬಿಕೆ 4: ವೋಲ್ಟ್ ನೋಡಿದರೆ ಬ್ಯಾಟರಿ ಎಷ್ಟಿದೆ ಗೊತ್ತಾಗುತ್ತದೆ

ರಾತ್ರಿ ಮೂರು ಗಂಟೆಗೆ ಫ್ರಿಡ್ಜ್ ಆಫ್ ಆದದ್ದು ಈ ನಂಬಿಕೆಯಿಂದ.

ಹಳೆಯ ಲೆಡ್-ಆಸಿಡ್ ಬ್ಯಾಟರಿಗೆ ವೋಲ್ಟ್ ಮಾತು ಸ್ವಲ್ಪ ಮಟ್ಟಿಗೆ ನಿಜ. ತುಂಬಿದಾಗ ಸುಮಾರು 12.7 ವೋಲ್ಟ್, ಅರ್ಧಕ್ಕಿಳಿದಾಗ 12.2ರ ಆಸುಪಾಸು. ಆದರೆ ಒಂದು ಷರತ್ತಿದೆ: ಬ್ಯಾಟರಿ ಕೆಲವು ಗಂಟೆ ಚಾರ್ಜೂ ಆಗದೆ, ಖರ್ಚೂ ಆಗದೆ ಸುಮ್ಮನೆ ಇದ್ದಿರಬೇಕು. ಕ್ಯಾಂಪರಿನಲ್ಲಿ ಹಗಲಿಡೀ ಸೋಲಾರ್ ತುಂಬುತ್ತಿರುತ್ತದೆ, ಇರುಳಿಡೀ ಫ್ಯಾನ್ ಎಳೆಯುತ್ತಿರುತ್ತದೆ. ಆ ಬಿಡುವು ಸಿಗುವುದೇ ಇಲ್ಲ. ಬಿಸಿಲಲ್ಲಿ 14 ವೋಲ್ಟ್ ಕಂಡಾಗ ಬ್ಯಾಟರಿ ನಿಜಕ್ಕೂ ಶೇ 60 ಇರಬಹುದು. ಫ್ರಿಡ್ಜ್ ಕಂಪ್ರೆಸರ್ ಶುರುವಾದ ಕ್ಷಣ 12ಕ್ಕೆ ಬಿದ್ದಾಗಲೂ ಅಷ್ಟೇ ಇರಬಹುದು.

ಈಗ ಹೆಚ್ಚು ಬಳಕೆಯಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇನ್ನೂ ಕಷ್ಟ. ಶೇ 80 ಇದ್ದಾಗಿನ ವೋಲ್ಟ್‌ಗೂ ಶೇ 30 ಇದ್ದಾಗಿನ ವೋಲ್ಟ್‌ಗೂ ಇರುವ ವ್ಯತ್ಯಾಸ 0.2 ವೋಲ್ಟಿನಷ್ಟು ಮಾತ್ರ. 13.2 ಎಂದು ಕಂಡರೆ ಶೇ 70 ಇರಬಹುದು, ಶೇ 40 ಇರಬಹುದು. ಕೊನೆಯ ಸ್ವಲ್ಪ ಭಾಗದಲ್ಲಿ ವೋಲ್ಟ್ ದಿಢೀರ್ ಕುಸಿಯುತ್ತದೆ, ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಕರೆಂಟ್ ಕಡಿದುಬಿಡುತ್ತದೆ.

ಅಡುಗೆ ಮನೆಯ ಗ್ಯಾಸ್ ಸಿಲಿಂಡರನ್ನು ನೆನಪಿಸಿಕೊಳ್ಳಿ. ತುಂಬಿದ ದಿನ ಒಲೆ ಹೇಗೆ ಉರಿಯುತ್ತದೋ ಮುಗಿಯುವ ಹಿಂದಿನ ದಿನವೂ ಹಾಗೇ ಉರಿಯುತ್ತದೆ. ಒಳಗೆ ದ್ರವ ಇರುವವರೆಗೂ ಒತ್ತಡ ಇಳಿಯುವುದಿಲ್ಲ. ಅದಕ್ಕೇ ಉರಿ ನೋಡಿ ಯಾರೂ ಗ್ಯಾಸ್ ಅಂದಾಜು ಮಾಡುವುದಿಲ್ಲ. ಸಿಲಿಂಡರ್ ಹಚ್ಚಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ದಿನ ಎಣಿಸುತ್ತಾರೆ. ಲಿಥಿಯಂ ಬ್ಯಾಟರಿಗೂ ಎಣಿಕೆಯೇ ದಾರಿ.

ಎಣಿಸುವ ಯಂತ್ರ: ಶಂಟ್

ಬ್ಯಾಟರಿ ಮಾನಿಟರ್ ಎಂಬ ಉಪಕರಣದ ಜೀವಾಳ ಶಂಟ್ ಎಂಬ ಲೋಹದ ತುಂಡು. ಅದರ ಪ್ರತಿರೋಧ ತೀರಾ ಕಡಿಮೆ, ಆದರೆ ಎಷ್ಟೆಂದು ನಿಖರವಾಗಿ ಗೊತ್ತಿರುತ್ತದೆ. 500 ಆಂಪಿಯರ್ ಹರಿದಾಗ 50 ಮಿಲಿವೋಲ್ಟ್ ತೋರುವ ಶಂಟ್ ಸಾಮಾನ್ಯ. ಅಂದರೆ 10 ಆಂಪಿಯರ್ ಹರಿದರೆ 1 ಮಿಲಿವೋಲ್ಟ್. ಆ ಸಣ್ಣ ವೋಲ್ಟನ್ನು ಅಳೆದು ಒಳಬಂದ, ಹೊರಹೋದ ಆಂಪಿಯರ್‌ಗಳನ್ನು ಮಾನಿಟರ್ ಸದಾ ಕೂಡಿಸುತ್ತ, ಕಳೆಯುತ್ತ ಇರುತ್ತದೆ. ನಲ್ಲಿಗೆ ಹಾಕಿದ ನೀರಿನ ಮೀಟರಿನಂತೆ, ಆದರೆ ಎರಡೂ ದಿಕ್ಕಿಗೆ ಎಣಿಸುವಂಥದ್ದು. ಹಲವು ಮಾನಿಟರ್‌ಗಳು ಬ್ಲೂಟೂತ್ ಮೂಲಕ ಮೊಬೈಲಿನಲ್ಲೇ ಲೆಕ್ಕ ತೋರಿಸುತ್ತವೆ.

ಇದನ್ನು ಹಾಕಿಸುವಾಗ ನಾಲ್ಕು ವಿಷಯ ಗಮನಿಸಿ.

ಒಂದು, ಶಂಟ್ ಕೂರುವುದು ಬ್ಯಾಟರಿಯ ಮೈನಸ್ ಕಡೆ. ಬ್ಯಾಟರಿಯ ಮೈನಸ್ಸಿನಿಂದ ಒಂದೇ ಒಂದು ದಪ್ಪ ವೈರ್ ಹೊರಟು ಶಂಟ್ ಸೇರಬೇಕು. ಕಂಟ್ರೋಲರ್, ಇನ್ವರ್ಟರ್, ದೀಪ, ಫ್ರಿಡ್ಜ್, ಗಾಡಿಯ ಬಾಡಿಗೆ ಕೊಡುವ ಅರ್ತ್, ಎಲ್ಲದರ ಮೈನಸ್ಸೂ ಶಂಟ್‌ನ ಆಚೆ ಬದಿಗೆ ಹೋಗಬೇಕು. ಒಂದು ವೈರನ್ನು ನೇರ ಬ್ಯಾಟರಿಗೆ ಸಿಕ್ಕಿಸಿದರೂ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ತುಂಬಾ ಜನ ಮಾಡುವ ತಪ್ಪು ಇದೇ.

ಎರಡು, ಮಾನಿಟರಿಗೆ ನಿಮ್ಮ ಬ್ಯಾಟರಿ ಯಾವ ಬಗೆಯದು, ಎಷ್ಟು ಎಎಚ್ ಎಂದು ಸೆಟ್ಟಿಂಗ್‌ನಲ್ಲಿ ತಿಳಿಸಬೇಕು. ಲಿಥಿಯಂನಲ್ಲಿ ತುಂಬಿದ ಆಂಪಿಯರ್ ಹೆಚ್ಚುಕಡಿಮೆ ಪೂರ್ತಿ ವಾಪಸ್ ಸಿಗುತ್ತದೆ. ಲೆಡ್-ಆಸಿಡ್‌ನಲ್ಲಿ ಸ್ವಲ್ಪ ಸೋರಿಹೋಗುತ್ತದೆ. ಕಾರ್ಖಾನೆಯಿಂದ ಬಂದ ಸೆಟ್ಟಿಂಗನ್ನೇ ಬಿಟ್ಟರೆ ಶೇಕಡಾ ಅಂಕಿ ಸುಳ್ಳು ಹೇಳುತ್ತದೆ.

ಮೂರು, ಎಣಿಕೆಯಲ್ಲಿ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬಿದಾಗ ಮಾನಿಟರ್ ತನ್ನ ಲೆಕ್ಕವನ್ನು ಮತ್ತೆ ಶೇ 100ಕ್ಕೆ ತಂದು ಸರಿಮಾಡಿಕೊಳ್ಳುತ್ತದೆ. ಮೋಡದ ದಿನಗಳಲ್ಲಿ ವಾರಗಟ್ಟಲೆ ಪೂರ್ತಿ ತುಂಬದಿದ್ದರೆ ಅಂಕಿಯನ್ನು ಪೂರಾ ನಂಬಬೇಡಿ. ಎರಡು ವಾರಕ್ಕೊಮ್ಮೆಯಾದರೂ, ಬೇಕಾದರೆ ಮನೆಯ ಪ್ಲಗ್ಗಿಗೆ ಚಾರ್ಜರ್ ಹಾಕಿ, ಪೂರ್ತಿ ತುಂಬಿಸಿ.

ನಾಲ್ಕು, ಬ್ಯಾಟರಿಗೆ ವಯಸ್ಸಾದಂತೆ 100 ಎಎಚ್ ಇದ್ದದ್ದು 80ಕ್ಕೆ ಇಳಿದಿರಬಹುದು. ಮಾನಿಟರ್ ಮಾತ್ರ ನೀವು ಹೇಳಿದ 100ನ್ನೇ ಹಿಡಿದು ಎಣಿಸುತ್ತಿರುತ್ತದೆ. ವರ್ಷಕ್ಕೊಮ್ಮೆ ಪೂರ್ತಿ ತುಂಬಿಸಿ, ಖರ್ಚು ಮಾಡಿ, ನಿಜವಾಗಿ ಎಷ್ಟು ಸಿಗುತ್ತದೆ ನೋಡಿ ಸೆಟ್ಟಿಂಗ್ ತಿದ್ದಿ.

ಯಾವ ಬ್ಯಾಟರಿ, ಎಷ್ಟು ದೊಡ್ಡದು?

ಮನೆಯ ಯುಪಿಎಸ್‌ಗೆ ಹಾಕುವ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಹೆಸರಿಗೆ 1800 ವ್ಯಾಟ್-ಅವರ್ ಇದೆ. ಲೆಡ್-ಆಸಿಡ್ ಬಾಳಿಕೆ ಬರಬೇಕಾದರೆ ದಿನವೂ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಕೈಗೆ ಸಿಗುವುದು 900. ತೂಕ 50 ಕಿಲೋಗೂ ಹೆಚ್ಚು. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವ್ಯಾಟ್-ಅವರ್ ಇದ್ದು, ಶೇ 80 ಬಳಸಿದರೂ 1000 ಸಿಗುತ್ತದೆ. ತೂಕ 12 ಕಿಲೋ ಆಸುಪಾಸು. ನಮ್ಮ ಲೆಕ್ಕದ ಕುಟುಂಬಕ್ಕೆ ಇದು ಬಿಸಿಲೇ ಇಲ್ಲದ ಒಂದು ದಿನವನ್ನು ದಾಟಿಸುತ್ತದೆ. ಎರಡನೇ ದಿನಕ್ಕೆ ಇನ್ನೊಂದು ಬ್ಯಾಟರಿ ಬೇಕು, ಇಲ್ಲವೇ ಬೇರೆ ಮೂಲ.

ಆ ಬೇರೆ ಮೂಲ ಗಾಡಿಯ ಎಂಜಿನ್ನೇ. ಆದರೆ ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೂ ಲಿಥಿಯಂಗೂ ನೇರ ವೈರ್ ಎಳೆಯಬೇಡಿ. ಲಿಥಿಯಂ ಒಮ್ಮೆಲೇ ಬಹಳ ಕರೆಂಟ್ ಎಳೆದು ಆಲ್ಟರ್ನೇಟರ್ ಕಾದು ಹಾಳಾಗಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಇರಲಿ. 20 ಆಂಪಿಯರಿನ ಚಾರ್ಜರ್ ಎರಡು ಗಂಟೆಯ ಓಡಾಟದಲ್ಲಿ ಸುಮಾರು 500 ವ್ಯಾಟ್-ಅವರ್ ತುಂಬುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸೂರಿನ ಮೇಲಿನ ಮೂರು ಪ್ಯಾನೆಲ್‌ಗಿಂತ ಇದೇ ಹೆಚ್ಚು ಕೊಟ್ಟರೂ ಆಶ್ಚರ್ಯವಿಲ್ಲ.

ಬೆಂಗಳೂರಿನಿಂದ ಲಡಾಖಿಗೆ ಗಾಡಿ ಓಡಿಸಿಕೊಂಡು ಹೋಗುವವರು ಒಂದು ಮಾತು ನೆನಪಿಡಿ. ಬ್ಯಾಟರಿ 0 ಡಿಗ್ರಿಗಿಂತ ತಣ್ಣಗಾದಾಗ ಲಿಥಿಯಂಗೆ ಚಾರ್ಜ್ ಕೊಡಬಾರದು. ಒಳಗೆ ಲಿಥಿಯಂ ಲೋಹವಾಗಿ ಪದರುಗಟ್ಟಿ ಬ್ಯಾಟರಿಗೆ ಶಾಶ್ವತ ಹಾನಿಯಾಗುತ್ತದೆ. ಚಳಿಯಲ್ಲಿ ಚಾರ್ಜ್ ತಾನಾಗಿ ಕಡಿಯುವ ವ್ಯವಸ್ಥೆ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ.

ನಂಬಿಕೆ 5: 12 ವೋಲ್ಟ್ ತಾನೇ, ಏನಾಗುತ್ತದೆ?

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಪ್ಲಸ್-ಮೈನಸ್ ಮೇಲೆ ಒಂದು ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಅದು ಕೆಂಪಗೆ ಕಾಯುತ್ತದೆ. ಸಿಪ್ಪೆ ಸವೆದ ವೈರ್ ಗಾಡಿಯ ಬಾಡಿಗೆ ತಾಗಿದರೂ ಹಾಗೇ. ನೀವು ಮಲಗಿರುವ ಹಾಸಿಗೆಯ ಕೆಳಗೇ ಬೆಂಕಿ.

- ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಮುಖ್ಯ ಫ್ಯೂಸ್ ಇರಲಿ. ಫ್ಯೂಸ್ ಕಾಯುವುದು ವೈರನ್ನು. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಕಾವಲೇ ಇಲ್ಲ, ಹಾಗಾಗಿ ಅದು ಆದಷ್ಟು ಚಿಕ್ಕದಿರಬೇಕು.
- ಮನೆಗೆ ಹಾಕುವ ಎಸಿ ಎಂಸಿಬಿಯನ್ನು ಇಲ್ಲಿ ಬಳಸಬೇಡಿ. ಮನೆಯ ಕರೆಂಟ್ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಬರುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯ, ಪ್ಯಾನೆಲ್ಲಿನ ಡಿಸಿ ಕರೆಂಟ್ ಸೊನ್ನೆಗೆ ಬರುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಡಿಸಿಗೆಂದೇ ಮಾಡಿದ್ದನ್ನು ಕೇಳಿ ಕೊಳ್ಳಿ.
- ವೈರ್ ದಪ್ಪವಿರಲಿ. ಐದು ಮೀಟರ್ ದೂರಕ್ಕೆ 10 ಆಂಪಿಯರ್ ಕಳಿಸಿದರೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಹೋಗಿಬರುವ ದಾರಿಯಲ್ಲೇ ಸುಮಾರು 0.7 ವೋಲ್ಟ್ ಕಳೆದುಹೋಗುತ್ತದೆ. 6 ಸ್ಕ್ವೇರ್ ಎಂಎಂ ಹಾಕಿದರೆ 0.3 ಮಾತ್ರ.
- ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇ 4ಕ್ಕೆ ಮುಟ್ಟಿದರೆ ಒಂದು ಕಿಡಿ ಸಾಕು. ಅಂಥ ಬ್ಯಾಟರಿಯನ್ನು ಮಲಗುವ ಜಾಗದಿಂದ ಬೇರ್ಪಡಿಸಿ, ಹೊರಗೆ ಗಾಳಿ ಹೋಗುವ ದಾರಿ ಮಾಡಿ.

ಗಾಡಿಯ ಬಾಡಿ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡುಗಳಿಗೆ ಕಡಿವಾಣ ಹಾಕುತ್ತದೆ. ವಿಮೆ ಕಂಪನಿಗೂ ತಿಳಿಸುವುದು ಒಳ್ಳೆಯದು.

ಫಾರ್ವರ್ಡ್ ಮಾಡುವ ಮುನ್ನ

"ಒಂದು ಪ್ಯಾನೆಲ್, ಎಲ್ಲಾ ಫ್ರೀ" ಎಂಬ ವಿಡಿಯೊ ಮತ್ತೆ ಬಂದರೆ, ಅಥವಾ ಅಂಗಡಿಯವರು ಅದನ್ನೇ ಹೇಳಿದರೆ, ಈ ಐದು ಪ್ರಶ್ನೆ ಕೇಳಿ:

1. ದಿನಕ್ಕೆ ಎಷ್ಟು ವ್ಯಾಟ್-ಅವರ್ ಬರುತ್ತದೆ? ಮಳೆಗಾಲದಲ್ಲಿ ಎಷ್ಟು?
2. ನನ್ನ ದಿನದ ಖರ್ಚಿನ ಪಟ್ಟಿಗೆ ಅದು ಸಾಕೇ?
3. ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಮೀಟರ್ ವೋಲ್ಟ್ ನೋಡಿ ಹೇಳುತ್ತದೆಯೋ, ಶಂಟ್ ಇಟ್ಟು ಎಣಿಸುತ್ತದೆಯೋ?
4. ಎಲ್ಲ ಮೈನಸ್ ವೈರ್‌ಗಳೂ ಶಂಟ್ ಮೂಲಕವೇ ಹೋಗಿವೆಯೇ?
5. ಮುಖ್ಯ ಫ್ಯೂಸ್ ಎಲ್ಲಿದೆ, ತೋರಿಸಿ.

ಐದಕ್ಕೂ ನೇರ ಉತ್ತರ ಸಿಕ್ಕರೆ ಧೈರ್ಯವಾಗಿ ಹಾಕಿಸಿಕೊಳ್ಳಿ. ಸಿಗದಿದ್ದರೆ ಹಣ ಕೊಡಬೇಡಿ, ಆ ವಿಡಿಯೊವನ್ನು ಇನ್ನೊಬ್ಬರಿಗೆ ಕಳಿಸಲೂ ಬೇಡಿ. ಇನ್ಸುಲಿನ್‌ನಂಥ ಔಷಧಿ ಜೊತೆಗಿದ್ದರೆ ಮಾನಿಟರ್ ಎಷ್ಟೇ ಚೆನ್ನಾಗಿರಲಿ, ಒಂದು ಐಸ್ ಬಾಕ್ಸ್, ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಔಷಧಿ ನೇರ ಐಸಿಗೆ ತಾಗದಿರಲಿ, ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಡುತ್ತದೆ.